ಬಣ್ಣದ ಪುಟ ಕಿತ್ತವರು

ಎರಡು ಸಾವಿರದ ನಲವತ್ತೊಂದನೇ ಇಸವಿಯ ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಫಕ್ಕೀರೇಶ ಮುಳಗುಂದ ತನ್ನ ಕುರ್ಚಿಯಲ್ಲಿ ಕುಳಿತು ಪರದೆ ಹಚ್ಚಿದಾಗ, ಹತ್ತೊಂಬತ್ತು ವರ್ಷ ಅವನು ನೋಡುತ್ತ ಬಂದಿದ್ದ ನಕಾಶೆ ಅಲ್ಲಿರಲಿಲ್ಲ. ಊರುಗಳು, ರಸ್ತೆಗಳು ಎಲ್ಲ ಇದ್ದವು. ಆದರೆ ಅವುಗಳ ಮೇಲೆ ಹರಡಿದ್ದ ಚುಕ್ಕೆಗಳೆಲ್ಲ ಒಂದೇ ಬಣ್ಣದಲ್ಲಿದ್ದವು. ಒಣಗಿದ ಹುಲ್ಲಿನ ಬಣ್ಣ.

ಅವನು ಕೆಲಸ ಮಾಡುತ್ತಿದ್ದುದು ಹುಬ್ಬಳ್ಳಿ ಹೊರವಲಯದ ಜೀವವಾಹಿನಿ ಕೇಂದ್ರದಲ್ಲಿ. ಆರು ಜಿಲ್ಲೆಗಳಲ್ಲಿ ಯಾರಿಗೆ ಏನೇ ಅಪಾಯವಾದರೂ ಕರೆ ಅಲ್ಲಿಗೆ ಬರುತ್ತಿತ್ತು. ಕರೆ ಎತ್ತಿದವರು ನಕಾಶೆ ನೋಡಿ, ಹತ್ತಿರದ ಆಂಬುಲೆನ್ಸ್ ಕಳಿಸಿ, ಯಾವ ಆಸ್ಪತ್ರೆಯಲ್ಲಿ ಹಾಸಿಗೆಯೂ ರಕ್ತವೂ ಇದೆಯೋ ಅಲ್ಲಿಗೆ ದಾರಿ ಹೇಳಬೇಕು. ಒಂದೊಂದು ಚುಕ್ಕೆ ಒಂದೊಂದು ಆಸ್ಪತ್ರೆ. ಹಸಿರಾದರೆ ಹೋಗು, ಕೆಂಪಾದರೆ ಹೋಗಬೇಡ. ಮಿಕ್ಕವರಿಗೆ ಅಷ್ಟೇ ಸಾಕಿತ್ತು.

ಫಕ್ಕೀರೇಶನಿಗೆ ಅದು ಎಂದೂ ಸಾಕಾಗಿರಲಿಲ್ಲ. ಮನುಷ್ಯನ ಕಣ್ಣಿನ ಹಿಂಬದಿಯಲ್ಲಿ ಬಣ್ಣ ಹಿಡಿಯುವ ಮೂರು ಬಗೆಯ ಕೋಶಗಳಿರುತ್ತವೆ. ಅವನ ಕಣ್ಣಿನಲ್ಲಿ ಹಸಿರು ಹಿಡಿಯಬೇಕಾದ ಕೋಶ ಹುಟ್ಟಿನಿಂದಲೇ ಕೆಂಪಿನ ಕಡೆಗೆ ವಾಲಿತ್ತು. ಗಾಢವಾದ ಕೆಂಪು, ಗಾಢವಾದ ಹಸಿರು ಗೊತ್ತಾಗುತ್ತಿದ್ದವು. ತೆಳುವಾದರೆ ಎರಡೂ ಒಂದೇ. ಹನ್ನೆರಡು ಗಂಡಸರಲ್ಲಿ ಒಬ್ಬರಿಗೆ ಇಂಥದ್ದೇನಾದರೂ ಇರುತ್ತದೆ. ಕೆಲಸಕ್ಕೆ ಸೇರುವಾಗಲೇ ಅವನು ಅದನ್ನು ಹೇಳಿದ್ದ, ವೈದ್ಯರು ಬರೆದುಕೊಂಡಿದ್ದರು. ಹಳೆಯ ತಂತ್ರಾಂಶದಲ್ಲಿ ಬಣ್ಣ ಆರಿಸಿಕೊಳ್ಳುವ ಒಂದು ಪುಟವಿತ್ತು. ಅಲ್ಲಿ ಹೋಗಿ ಅವನು ಹಸಿರನ್ನು ಕಡುನೀಲಿ ಮಾಡಿಕೊಂಡಿದ್ದ, ಕೆಂಪನ್ನು ಕಪ್ಪು ಮಾಡಿಕೊಂಡಿದ್ದ. ಐದು ನಿಮಿಷದ ಕೆಲಸ. ಆಮೇಲೆ ಹತ್ತೊಂಬತ್ತು ವರ್ಷ ಒಂದು ವಾಹನವೂ ತಪ್ಪು ದಾರಿ ಹಿಡಿದಿರಲಿಲ್ಲ.

ಅವನು ಆ ಪುಟ ಹುಡುಕಿದ. ಪುಟ ಇದ್ದ ಜಾಗದಲ್ಲಿ ಒಂದು ಸಾಲು ಇತ್ತು: "ನಿಮಗೆ ಯಾವ ಬಣ್ಣ ಬೇಕೆಂದು ನಮಗೆ ಗೊತ್ತು."

ತಾಂತ್ರಿಕ ವಿಭಾಗದ ಮೆಹಜಬೀನ ನದಾಫ ಮೂಲೆಯಲ್ಲಿ ಹೊಸ ಪರದೆಯೊಂದಕ್ಕೆ ತಂತಿ ಜೋಡಿಸುತ್ತಿದ್ದಳು. ಅವನು ಕರೆದ.

"ತಂಗಿ, ಬಣ್ಣದ ಪುಟ ಎಲ್ಲಿ ಹೋತು?"

"ತಗದ್ ಹಾಕ್ಯಾರಣ್ಣ. ಹೊಸಾದು 'ಸಮದೃಷ್ಟಿ' ಅಂತ. ಪರದೆ ಮ್ಯಾಲೆ ಸಣ್ಣ ಕ್ಯಾಮೆರಾ ಐತಿ ನೋಡ್ರಿ. ಅದು ನಮ್ಮ ಕಣ್ಣಪಾಪಿ ನೋಡಿ, ಕಣ್ಣಿಗೆ ತ್ರಾಸ ಆಗದಂಗ ತಾನ ಬಣ್ಣ ಹಚ್ಚತೈತಂತ. ಯಾರೂ ಏನೂ ಆರಿಸೋದ ಬ್ಯಾಡಂತ."

"ನನಗ ಕೆಂಪ್ ಯಾವ್ದು, ಹಸರ್ ಯಾವ್ದು ತಿಳೀವಲ್ದು."

ಮೆಹಜಬೀನ ತಂತಿ ಕೆಳಗಿಟ್ಟು ಬಂದು ನೋಡಿದಳು. "ತೆಳು ಮಾಡ್ಯಾರ. ಗಾಢ ಬಣ್ಣ ಇದ್ರ ಮಂದಿಗೆ ಗಾಬರಿ ಆಗ್ತೈತಿ ಅಂತ ಕಂಪನಿಯವ್ರು ಹೇಳಿದ್ರು. ಬರ್ದ್ ಕೊಡ್ರಿ ಅಣ್ಣ. ನನ್ನ ಕೈಯಾಗ ಇಲ್ಲ ಇದು."

ಬರೆದುಕೊಟ್ಟ. ಮರುದಿನ ಉತ್ತರ ಬಂತು, ಯಂತ್ರವೇ ಬರೆದದ್ದು: ತಮ್ಮ ಕಣ್ಣುಗಳನ್ನು ಅಳೆಯಲಾಗಿದೆ, ತಮ್ಮ ನೆಮ್ಮದಿಯ ಅಂಕ ನೂರಕ್ಕೆ ತೊಂಬತ್ತೆಂಟು. ಇಡೀ ಕೇಂದ್ರದಲ್ಲಿ ಅವನದೇ ಎಲ್ಲರಿಗಿಂತ ಹೆಚ್ಚು. ಯಾಕೆ ಹೆಚ್ಚೆಂದರೆ, ಎಲ್ಲ ಚುಕ್ಕೆಗಳೂ ಒಂದೇ ಥರ ಕಂಡಾಗ ಕಣ್ಣು ಎಲ್ಲೂ ಬೆಚ್ಚುವುದಿಲ್ಲ, ಎಲ್ಲೂ ತಡೆಯುವುದಿಲ್ಲ. ಕುರುಡುತನವನ್ನು ಆ ಯಂತ್ರ ವಿಶ್ರಾಂತಿ ಎಂದು ಎಣಿಸಿತ್ತು.

ಎರಡನೇ ಸಲ ಬರೆದ. ಅದೇ ಉತ್ತರ. ಅಷ್ಟರಲ್ಲಿ ಅವನು ಒಂದೊಂದು ಚುಕ್ಕೆಯನ್ನೂ ಒತ್ತಿ, ತೆರೆದು, ಒಳಗಿನ ಅಕ್ಷರ ಓದಿ ವಾಹನ ಕಳಿಸತೊಡಗಿದ್ದ. ಒಂದಕ್ಕೆ ನಾಲ್ಕು ಸೆಕೆಂಡು. ಹತ್ತು ದಿನಕ್ಕೆ ಕೇಂದ್ರದ ಮುಖ್ಯಸ್ಥ ಜಯತೀರ್ಥ ಗಲಗಲಿ ಅವನನ್ನು ಕೋಣೆಗೆ ಕರೆಸಿದರು.

"ಮುಳಗುಂದ ಅವರ, ನಿಮ್ಮ ಕ್ಲಿಕ್ ಉಳಿದವರಕಿಂತ ಮೂರು ಪಟ್ಟು ಆಗ್ಯಾವ. ಅನಗತ್ಯ ಕ್ಲಿಕ್ ಅಂತ ರಿಪೋರ್ಟ್ ಬಂದದ."

"ಸಾಹೇಬ್ರ, ಅನಗತ್ಯ ಅಲ್ಲರೀ. ನನಗ ಕಾಣಂಗಿಲ್ಲ. ನಾ ಸೇರುವಾಗ್ಲೇ ಬರ್ದ್ ಕೊಟ್ಟೀನಿ. ಆ ಪುಟ ಒಂದು ವಾಪಸ್ ಕೊಡಸ್ರಿ."

ಗಲಗಲಿ ಕನ್ನಡಕ ತೆಗೆದು ಒರೆಸಿದರು. "ಕಾಣಂಗಿಲ್ಲ ಅಂತ ಜೋರಾಗಿ ಅನಬ್ಯಾಡ್ರಿ. ನಿಮ್ಮನ್ನ ಕುರ್ಚಿಯಿಂದ ಎಬ್ಬಿಸಿ ರದ್ದಿ ಕೋಣೆಗೆ ಹಾಕ್ತಾರ. ಇನ್ನ ಹನ್ನೆರಡು ವರ್ಷ ಸರ್ವಿಸ್ ಅದ ನಿಮ್ದು. ಹೆಂಗರ ಹೊಂದಿಕೊಂಡು ಹೋಗ್ರಿ."

ಅವನು ಮೂರನೇ ಸಲ ಬರೆದುಕೊಟ್ಟು ಹೊಂದಿಕೊಂಡು ಹೋದ.

ಜುಲೈ ಒಂಬತ್ತು, ಮಧ್ಯಾಹ್ನ ಮೂರರ ಹೊತ್ತು. ಹೆದ್ದಾರಿಯಲ್ಲಿ ಬಸ್ಸೊಂದು ಮಗುಚಿತ್ತು, ಕರೆಗಳು ಒಂದರ ಮೇಲೊಂದು ಬರುತ್ತಿದ್ದವು. ಆ ನಡುವೆ ಬೆಣಚಿಕೊಪ್ಪದಿಂದ ಒಂದು ಕರೆ. ಹೆಂಗಸಿನ ದನಿ. ಮಗಳಿಗೆ ಮನೆಯಲ್ಲೇ ಹೆರಿಗೆಯಾಗಿದೆ, ಕೂಸು ಅಳುತ್ತಿದೆ, ತಾಯಿಗೆ ರಕ್ತ ನಿಲ್ಲುತ್ತಿಲ್ಲ. ಫಕ್ಕೀರೇಶ ವಾಹನ ಕಳಿಸಿದ. ಮೂರೂ ಎಂಟಕ್ಕೆ ಹತ್ತಿರದ ಆಸ್ಪತ್ರೆಯ ಚುಕ್ಕೆ ಒತ್ತಿ ನೋಡಿದ. ಹಾಸಿಗೆ ಇದೆ, ರಕ್ತ ಇದೆ. ಮೂರೂ ಹನ್ನೆರಡಕ್ಕೆ, ಬಸ್ಸಿನ ಗಾಯಾಳುಗಳು ತುಂಬಿಕೊಂಡಿದ್ದರಿಂದ, ಆ ಚುಕ್ಕೆ ಕೆಂಪಾಯಿತು. ಅವನು ಆ ಚುಕ್ಕೆಯನ್ನೇ ನೋಡುತ್ತಿದ್ದ. ಅವನ ಕಣ್ಣಿಗೆ ಏನೂ ಬದಲಾದಂತೆ ಕಾಣಲಿಲ್ಲ. ಮೂರೂ ಹದಿನಾಲ್ಕಕ್ಕೆ ವಾಹನದ ನರ್ಸ್ ಕೇಳಿದಾಗ ಅದೇ ಆಸ್ಪತ್ರೆಯ ದಾರಿ ಹೇಳಿದ.

ಮೂರೂ ಮೂವತ್ತಾರಕ್ಕೆ ನರ್ಸ್ ಮತ್ತೆ ಮಾತಾಡಿದಳು. "ಸರ್, ಇಲ್ಲಿ ರಕ್ತ ಇಲ್ಲ ಅನ್ನಾಕತ್ತಾರ. ಒಂದು ಹಾಸಿಗೀನೂ ಇಲ್ಲ. ನಿಮಗ ಕೆಂಪ್ ತೋರಿಸಲಿಲ್ಲೇನ್ರಿ?"

ಅವನು ಚುಕ್ಕೆ ಒತ್ತಿದ. ಒಳಗೆ ಅಕ್ಷರ ಇತ್ತು: ಭರ್ತಿ. ಸುತ್ತಲಿನ ಚುಕ್ಕೆಗಳನ್ನೆಲ್ಲ ಒಂದೊಂದಾಗಿ ಒತ್ತಿದ. ಆರನೆಯದು ಸಿಕ್ಕಿತು, ಮೂವತ್ತೆಂಟು ನಿಮಿಷದ ದಾರಿ. ಹೇಳಿದ. ನಾಲ್ಕು ಗಂಟೆಗೆ ನರ್ಸ್ ಒಂದೇ ಮಾತು ಅಂದಳು. "ಇನ್ನ ಅವಸರ ಇಲ್ಲರೀ ಸರ್." ಅವಳ ಹಿಂದೆ ಒಬ್ಬ ಮುದುಕಿ ಚೀರುವುದು ಕೇಳಿಸುತ್ತಿತ್ತು.

ಸತ್ತವಳ ಹೆಸರು ನೀಲವ್ವ. ಇಪ್ಪತ್ತನಾಲ್ಕು ವರ್ಷ.

ವಿಚಾರಣೆಗೆ ಮೂವರ ಸಮಿತಿ ಕೂತಿತು. ನಿವೃತ್ತ ವೈದ್ಯೆ ಸುಲೋಚನಾ ಬೆಂಬಳಗಿ ಅಧ್ಯಕ್ಷೆ. ಕಂಪನಿಯ ಪರವಾಗಿ ಬೆಂಗಳೂರಿನಿಂದ ಅನಿರುದ್ಧ ಶೇಟ್ ಎಂಬ ಹಿರಿಯ ವಿನ್ಯಾಸಕಾರ ಬಂದಿದ್ದ. ತಿಳಿಯಾದ ಮಾತಿನ, ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ.

"ಮೇಡಂ, ನಮ್ಮ ಸಿಸ್ಟಮ್ ಮೂರು ಹನ್ನೆರಡಕ್ಕೇ ಬಣ್ಣ ಬದಲಾಯಿಸಿದೆ. ದಾಖಲೆ ಇದೆ. ಅಲ್ಲಿ ಕೂತಿದ್ದವರು ಅದನ್ನ ನೋಡಿಲ್ಲ. ಅವರ ದೃಷ್ಟಿದೋಷ ನಮಗೆ ಯಾರೂ ತಿಳಿಸಿರ್ಲಿಲ್ಲ. ಹೊಸ ನೋಂದಣಿಯಲ್ಲಿ ಅವರು ಅದನ್ನ ಘೋಷಣೆ ಮಾಡಿಲ್ಲ."

"ಮೂರು ಸಲ ಬರದೀನಿ!" ಫಕ್ಕೀರೇಶ ಎದ್ದು ನಿಂತ.

"ಅವು ಸೌಕರ್ಯದ ದೂರುಗಳು ಅಂತ ವಿಂಗಡಣೆ ಆಗಿವೆ," ಅಂದ ಅನಿರುದ್ಧ. "ನಮಗೆ ಅಂಥ ದೂರು ದಿನಕ್ಕೆ ಸಾವಿರ ಬರುತ್ತೆ. ಜನಕ್ಕೆ ತಮ್ಮ ಹಳೇ ಬಣ್ಣದ ಮೇಲೆ ಮೋಹ. ತಾವೇ ಆರಿಸಿಕೊಳ್ಳೋದಕ್ಕೆ ಬಿಟ್ಟರೆ ಗುಲಾಬಿ ಹಾಕ್ತಾರೆ, ನೇರಳೆ ಹಾಕ್ತಾರೆ, ಕಣ್ಣು ಕೆಡಿಸಿಕೊಳ್ತಾರೆ. ನಾವು ನಲವತ್ತು ಲಕ್ಷ ಕಣ್ಣು ಅಳೆದು ಈ ಬಣ್ಣಗಳನ್ನ ಕಂಡುಹಿಡಿದಿದೀವಿ."

"ಆ ನಲವತ್ತು ಲಕ್ಷದಾಗ ನನ್ನವು ಎರಡು ಇರಲಿಲ್ಲೇನು?"

ಗಲಗಲಿ ಮೇಜು ನೋಡುತ್ತಿದ್ದರು. ತಮ್ಮ ಕೋಣೆಯಲ್ಲಿ ನಡೆದ ಮಾತನ್ನು ಅವರು ಎತ್ತಲಿಲ್ಲ. ಮುಂದಿನ ಆದೇಶದವರೆಗೆ ಫಕ್ಕೀರೇಶನನ್ನು ಅಮಾನತಿನಲ್ಲಿಟ್ಟರು. ಸಂಜೆಯ ಸುದ್ದಿಯಲ್ಲಿ ಅವನ ಚಿತ್ರ ಬಂತು. ಕೆಳಗೆ ಬರೆದಿದ್ದರು: ಬಣ್ಣಗುರುಡನ ಕೈಯಲ್ಲಿ ಜೀವ.

ಮನೆಯಲ್ಲಿ ಅವನು ಮೂರು ದಿನ ಗೋಡೆಗೆ ಮುಖ ಮಾಡಿ ಕೂತಿದ್ದ. ಹೆಂಡತಿ ಕಸ್ತೂರಿ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದವಳು. ನೆರೆಹೊರೆಯ ಇಬ್ಬರು ಹೆಂಗಸರು ತಮ್ಮ ಬಟ್ಟೆ ವಾಪಸು ಒಯ್ದಿದ್ದರು. ಕಾರಣ ಹೇಳಿರಲಿಲ್ಲ. ನಾಲ್ಕನೇ ದಿನ ಅವಳು ಹೊಲಿಗೆ ಯಂತ್ರದ ಮುಂದಿನಿಂದಲೇ ಕೂಗಿದಳು.

"ರೀ, ಎಷ್ಟೊತ್ತು ಗ್ವಾಡಿ ನೋಡ್ತೀರಿ? ಆ ತೋಳಿನ ತುಂಡು ಕೊಡ್ರಿ. ಹಳದೀದು."

ಅವನು ಎದ್ದು ನೋಡಿದ. "ಇದು ಬ್ಯಾರೇ ಹಳದಿ ಐತಲ್ಲ. ಮೈ ಬಟ್ಟಿ ಇದಲ್ಲ."

"ಅದ ಐತ್ರಿ. ನಿಮ್ಮ ಕಣ್ಣಿಗೆ ನಾ ಬಣ್ಣ ಕೇಳ್ತೀನಂದ್ರ..." ಅನ್ನುತ್ತ ಅವಳು ಎರಡೂ ತುಂಡು ಜೋಡಿಸಿ ದೀಪದ ಕೆಳಗೆ ಹಿಡಿದಳು. ಅವಳಿಗೆ ಎರಡೂ ಒಂದೇ. ಅವನಿಗೆ ಒಂದು ಕೆಂಪಿನ ಕಡೆಗೆ ಎಳೆದಿತ್ತು. ಹಟಕ್ಕೆ ಬಿದ್ದು ಅವಳು ಎರಡನ್ನೂ ಅಂಗಳಕ್ಕೆ ಒಯ್ದಳು. ಬಿಸಿಲಿನಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಒಳಗೆ ಬಂದಾಗ ಅವಳ ಮುಖ ಬದಲಾಗಿತ್ತು.

"ಬ್ಯಾರೆ ಬ್ಯಾರೇನ ಅದಾವ. ಅಂಗಡ್ಯಾಂವ ಎರಡು ಥಾನಿಂದ ಹರದು ಕೊಟ್ಟಾನ. ದೀಪದಾಗ ನನಗ ತಿಳೀಲಿಲ್ಲ, ನಿಮಗ ತಿಳೀತು."

ಫಕ್ಕೀರೇಶ ಆ ಎರಡು ತುಂಡುಗಳನ್ನು ಕೈಯಲ್ಲಿ ಹಿಡಿದುಕೊಂಡೇ ಮೆಹಜಬೀನಳಿಗೆ ಫೋನ್ ಮಾಡಿದ.

ಅವಳಿಗೆ ಕೇಳಿದ ಕೂಡಲೇ ಹೊಳೆಯಿತು. ಹಳೆಯ ಪರದೆಗಳಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರೇ ದೀಪ. ಸಮದೃಷ್ಟಿಯ ಪರದೆಗಳಲ್ಲಿ ಆರು. ಅದರಲ್ಲಿ ಒಂದು ಶುದ್ಧ ಹಳದಿ. ಹಾಗಾಗಿ ಹಳದಿಯನ್ನು ಎರಡು ರೀತಿಯಲ್ಲಿ ತೋರಿಸಬಹುದು. ಒಂದು, ಹಳದಿ ದೀಪವನ್ನೇ ಹಚ್ಚುವುದು. ಇನ್ನೊಂದು, ಕೆಂಪು ಹಸಿರು ಎರಡನ್ನೂ ಹದವಾಗಿ ಬೆರೆಸುವುದು. ಸಾಮಾನ್ಯ ಕಣ್ಣಿಗೆ ಎರಡರಲ್ಲಿ ಎಳ್ಳಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಫಕ್ಕೀರೇಶನ ಕಣ್ಣಿಗೆ ಆ ಹದ ಹೊಂದುವುದಿಲ್ಲ. ಅವನಿಗೆ ಎರಡೂ ಬೇರೆಯೇ. ಕಣ್ಣು ಬಣ್ಣ ಗುರುತಿಸುವುದನ್ನು ಪರೀಕ್ಷಿಸುವ ವೈದ್ಯರಿಗೆ ಇದು ನೂರೈವತ್ತು ವರ್ಷಗಳಿಂದ ಗೊತ್ತಿತ್ತು. ಆ ಪರದೆ ಮಾಡಿದವರಿಗೂ ಗೊತ್ತಿರಲೇಬೇಕಿತ್ತು.

"ಒಂದು ಪರದೆ ಗೋದಾಮಿನಾಗ ಐತಣ್ಣ. ನನಗ ಎರಡು ದಿನ ಕೊಡ್ರಿ. ಬಣ್ಣದ ಪುಟ ಅವ್ರು ಅಳಿಸಿಲ್ಲ, ಬರೇ ಮುಚ್ಯಾರ. ನಾ ತೆಗೀತೀನಿ."

"ನಿನ್ನ ಕೆಲಸ ಹೋದೀತು."

"ಆ ಪರದೆಗಳಿಗೆ ತಂತಿ ಜೋಡಿಸಿದಾಕಿ ನಾನ ಅಲ್ಲೇನ್ರಿ? ನನಗೂ ನಿದ್ದಿ ಇಲ್ಲ."

ಅವಳು ಕೇಂದ್ರದ ಚಹಾ ಕೋಣೆಗೆ ಆ ಪರದೆ ತಂದು, ಈ ದೋಷ ಹೆಂಗಸರಲ್ಲಿ ಅಪರೂಪವೆಂದು ಐದು ಜನ ಹೆಂಗಸರನ್ನೇ ಕೂಡಿಸಿ, ಐದೂ ಜನ "ಎರಡೂ ಒಂದೇ" ಅನ್ನುವವರೆಗೆ ಎರಡು ಹಳದಿಗಳ ಹದ ತಿದ್ದಿದಳು.

ಎರಡನೇ ವಿಚಾರಣೆಯ ದಿನ ಆ ಪರದೆಯನ್ನು ಸಭೆಯ ಮುಂದಿಟ್ಟರು. ಅದೇ ನಕಾಶೆ, ಇಪ್ಪತ್ತು ಚುಕ್ಕೆ. ಎಲ್ಲ ಹಳದಿ.

ಫಕ್ಕೀರೇಶ ಅಧ್ಯಕ್ಷೆಗೆ ಕೈಮುಗಿದ. "ಮೇಡಮ್ಮರ, ನಾ ಭಾಷಣ ಮಾಡಂಗಿಲ್ಲ. ಈ ಸಾಹೇಬ್ರು ಹತ್ತು ನಿಮಿಷ ನನ್ನ ಕುರ್ಚಿಮ್ಯಾಲೆ ಕುಂದರಲಿ."

ಅನಿರುದ್ಧ ನಗುತ್ತಲೇ ಬಂದು ಕೂತ. ಮೆಹಜಬೀನ ವಿವರಿಸಿದಳು: ಇಪ್ಪತ್ತರಲ್ಲಿ ಐದು ಆಸ್ಪತ್ರೆಯಲ್ಲಿ ರಕ್ತವಿದೆ, ಹದಿನೈದರಲ್ಲಿ ಇಲ್ಲ. ಬಣ್ಣದಿಂದಲೇ ಗೊತ್ತಾಗುತ್ತದೆ. ಒತ್ತಿ ಓದುವಂತಿಲ್ಲ, ಅದು ಅನಗತ್ಯ ಕ್ಲಿಕ್; ಒತ್ತಿದರೆ ವಾಹನ ಅಲ್ಲಿಗೆ ಹೊರಟಂತೆಯೇ.

"ಎಲ್ಲಾ ಒಂದೇ ಬಣ್ಣ ಇದೆಯಲ್ರೀ," ಅಂದ ಅನಿರುದ್ಧ.

"ನಿಮ್ಮ ಕಣ್ಣು ಅಳದೇವಿ ಸರ್. ನೆಮ್ಮದಿ ತೊಂಬತ್ತೆಂಟು," ಅಂದಳು ಅವಳು, ಪರದೆಯ ಮೂಲೆಯ ಅಂಕ ತೋರಿಸಿ. ಸಮಿತಿಯವರು ಬಗ್ಗಿ ನೋಡಿದರು. ಅಂಕ ನಿಜವಾಗಿಯೂ ತೊಂಬತ್ತೆಂಟಿತ್ತು.

ಫಕ್ಕೀರೇಶ ಅವನ ಬೆನ್ನ ಹಿಂದೆ ಹತ್ತು ಹೆಜ್ಜೆ ದೂರ ನಿಂತು ಕರೆಯ ಮಾತು ಹೇಳಿದ. "ಹೆರಿಗಿ ಆಗೇತಿ. ರಕ್ತ ನಿಲ್ಲವಲ್ದು. ಎಲ್ಲಿ ಕಳಸ್ತೀರಿ?"

ಅನಿರುದ್ಧ ಹತ್ತಿರದ ಚುಕ್ಕೆ ಒತ್ತಿದ. ಭರ್ತಿ.

"ಸತ್ತಳು," ಅಂದ ಫಕ್ಕೀರೇಶ. "ಇನ್ನೊಂದು ಕರೆ. ಹೊಲದಾಗ ಹಾವ್ ಕಡದೈತಿ. ಎಲ್ಲಿ ಕಳಸ್ತೀರಿ?"

ಅನಿರುದ್ಧ ಪರದೆಗೆ ಮೂಗು ತಾಗುವಷ್ಟು ಬಗ್ಗಿದ. ಕಣ್ಣು ಕಿರಿದು ಮಾಡಿದ. ಒತ್ತಿದ. ಭರ್ತಿ.

"ಸತ್ತ. ಮತ್ತೊಂದು. ಸಾಲಿ ಹುಡುಗಿ, ಗಾಡಿ ಹಾದು ಹೋಗೇತಿ. ಲಗೂ ಹೇಳ್ರಿ, ಅವರವ್ವ ಫೋನಿನಾಗ ಅಳಾಕತ್ತಾಳ."

"ಇದು ಅನ್ಯಾಯ ರೀ. ನನಗೆ ಕಾಣ್ತಿಲ್ಲ. ಕಾಣದ ಹಾಗೆ ಮಾಡಿ ಕೂರಿಸಿದೀರಿ."

"ಹೌದ್ರಿ!" ಫಕ್ಕೀರೇಶನ ದನಿ ಗೋಡೆಗೆ ಬಡಿಯಿತು. "ಕಾಣದಂಗ ಮಾಡಿ ಕುಂದರಸೀನಿ! ಐದು ನಿಮಿಷಕ್ಕ ನಿಮಗ ಬೆವರು ಬಂತು. ನೀವು ನನ್ನನ್ನ ಒಂದು ತಿಂಗಳು ಕುಂದರಸಿದ್ರಿ. ಕಾಣವಲ್ದು ಅಂದ್ರ, ನಿನಗ ಆರಾಮ ಐತಿ ಅಂತ ಕಾಗದ ಕಳಸಿದ್ರಿ!"

ಆಮೇಲೆ ಅವನು ನಿಂತಲ್ಲಿಂದಲೇ, ಒಂದು ಹೆಜ್ಜೆಯೂ ಮುಂದೆ ಬರದೆ, ಐದು ಚುಕ್ಕೆಗಳನ್ನು ಊರಿನ ಹೆಸರು ಹಿಡಿದು ಹೇಳಿದ. ಮೆಹಜಬೀನ ಒಂದೊಂದನ್ನೇ ಒತ್ತಿದಳು. ಐದರಲ್ಲೂ ರಕ್ತ ಇತ್ತು. ಚುಕ್ಕೆಗಳ ಜಾಗ ಬದಲಾಯಿಸಿ ಮತ್ತೆ ಕೇಳಿದಳು. ಮತ್ತೆ ಐದೂ ಸರಿ. ಬೆಂಬಳಗಿ ಅವರು ಎದ್ದು ಬಂದು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಅವರಿಗೂ ಎಲ್ಲ ಒಂದೇ ಹಳದಿ.

"ಆ ಮೂರು ಅರ್ಜಿ ಎಲ್ಲಿ ಅದಾವ?" ಎಂದು ಅವರು ಕೇಳಿದರು. "ಮೂಲ ಪ್ರತಿ. ಇವತ್ತೇ ಬೇಕು."

ಮರುವಾರ ಕಂಪನಿ ಒಂದು ಪರಿಹಾರ ಕಳಿಸಿತು. "ವರ್ಣದೋಷ ಸೌಲಭ್ಯ" ಎಂಬ ಹೊಸ ಗುಂಡಿ; ವೈದ್ಯಕೀಯ ಪ್ರಮಾಣಪತ್ರ ಕೊಟ್ಟವರಿಗೆ ಮಾತ್ರ ತೆರೆಯುತ್ತದೆ. ಅದರ ಜೊತೆಗೇ ಫಕ್ಕೀರೇಶನನ್ನು ಕೆಲಸಕ್ಕೆ ಮರಳಿ ತೆಗೆದುಕೊಳ್ಳುವ ಆದೇಶದ ಕರಡು. ಗಲಗಲಿ ತಾವೇ ಮನೆಗೆ ತಂದುಕೊಟ್ಟರು.

ಅವನು ಬಾಗಿಲಲ್ಲೇ ನಿಂತು ಓದಿದ. ಅದರಲ್ಲಿ "ತಾಂತ್ರಿಕ ಪರಿವರ್ತನೆಯ ಅವಧಿಯಲ್ಲಿ ಸಂಭವಿಸಿದ ಒಂದು ಘಟನೆ" ಎಂದಿತ್ತು. ನೀಲವ್ವನ ಹೆಸರು ಎಲ್ಲೂ ಇರಲಿಲ್ಲ.

"ಸಹಿ ಮಾಡಂಗಿಲ್ಲ ಸಾಹೇಬ್ರ."

"ಹುಚ್ಚರಂಗ ಮಾಡಬ್ಯಾಡ್ರಿ. ಕೆಲಸ ವಾಪಸ್ ಸಿಗಾಕತ್ತದ, ನಿಮಗ ಬೇಕಾದ ಬಣ್ಣಾನೂ ಸಿಗತದ."

"ನನಗೊಬ್ಬನಿಗೆ ಸಿಗತೈತಿ. ನಿನ್ನೆ ನನ್ನ ಮನೀಗೆ ಎಂಟು ಮಂದಿ ಬಂದಿದ್ರು, ನಮ್ಮ ಕೇಂದ್ರದವರ. ಅವರಿಗೂ ಕಾಣಂಗಿಲ್ಲ. ಅಂಜಿ ಬಾಯಿ ಮುಚ್ಚಿದ್ರು. ಪ್ರಮಾಣಪತ್ರ ಕೇಳಿದ್ರ ಮತ್ತ ಬಾಯಿ ಮುಚ್ಚತಾರ. ಒಬ್ಬಾಕಿಗೆ ತಲಿನೋವು, ತೆಳು ಬಣ್ಣ ನೋಡಿದ್ರ ವಾಂತಿ ಬರತೈತಿ, ಅದಕ್ಕ ಯಾವ ಪ್ರಮಾಣಪತ್ರ ತರಬೇಕು? ಆ ಪುಟ ಎಲ್ಲರಿಗೂ ಬೇಕು. ಯಾಕ ಬೇಕು ಅಂತ ಯಾರೂ ಕೇಳಬಾರದು. ಮತ್ತ, ಸತ್ತಾಕಿ ಹೆಸರು ಬರೀರಿ. ಯಾಕ ಸತ್ತಳು ಅದನ್ನೂ ಬರೀರಿ."

ಗಲಗಲಿ ಕಸ್ತೂರಿಯ ಕಡೆ ನೋಡಿದರು. "ನೀವರ ತಿಳಿಸಿ ಹೇಳ್ರಿ, ಅಕ್ಕಾರ."

ಕಸ್ತೂರಿ ಹೊಲಿಗೆ ಯಂತ್ರ ನಿಲ್ಲಿಸಿದಳು. "ನಿಮ್ಮ ಕೋಣ್ಯಾಗ ಇವರಿಗೆ ಹೊಂದಿಕೊಂಡು ಹೋಗು ಅಂದಿದ್ರಂತಲ್ಲ, ಅದನ್ನ ಸಮಿತಿ ಮುಂದ ಹೇಳೀರೇನು? ಮೊದಲ ಅದನ್ನ ಹೇಳಿ ಬರ್ರಿ. ಆಮೇಲೆ ನಾ ಇವರಿಗೆ ತಿಳಿಸಿ ಹೇಳ್ತೀನಿ."

ಗಲಗಲಿ ಕರಡನ್ನು ವಾಪಸು ತೆಗೆದುಕೊಂಡು ಹೋದರು. ಆದರೆ ಆ ವಾರ ಅವರು ಬೆಂಬಳಗಿ ಅವರ ಮುಂದೆ ಹೋಗಿ ಹೇಳಿಕೆ ಕೊಟ್ಟರು. ಯಾಕೆ ಕೊಟ್ಟರೋ, ಅವರೇ ಬಲ್ಲರು.

ಹನ್ನೊಂದು ವಾರ ಹಿಡಿಯಿತು. ಕಂಪನಿ ವಕೀಲರನ್ನು ಕಳಿಸಿತು, ಮೆಹಜಬೀನಳ ಮೇಲೆ ನೋಟಿಸು ಹೊರಡಿಸಿತು. ಎಂಟು ಮಂದಿಯೂ ಒಬ್ಬೊಬ್ಬರಾಗಿ ಸಮಿತಿಯ ಮುಂದೆ ಬಂದರು. ಕೊನೆಗೆ ನೋಟಿಸು ವಾಪಸಾಯಿತು. ಬಣ್ಣ ಆರಿಸಿಕೊಳ್ಳುವ ಪುಟ ಆರೂ ಜಿಲ್ಲೆಯ ಎಲ್ಲ ಪರದೆಗಳಿಗೆ ಮರಳಿತು, ಎಲ್ಲರಿಗೂ, ಏನೂ ಕೇಳದೆ. ಚುಕ್ಕೆಗಳ ಪಕ್ಕದಲ್ಲಿ ಅಕ್ಷರವೂ ಬಂತು. ವರದಿಯ ಹದಿನೇಳನೇ ಪುಟದಲ್ಲಿ ಬೆಂಬಳಗಿ ಹೀಗೆ ಬರೆಸಿದರು: "ಬಣ್ಣ ಆಯ್ಕೆಯ ಪುಟವನ್ನು ಬಳಸುವವರನ್ನು ಕೇಳದೆ ತೆಗೆದುಹಾಕಿದ್ದರಿಂದ, ಆ ಕುರಿತು ಬಂದ ಮೂರು ಲಿಖಿತ ದೂರುಗಳನ್ನು ಯಾವ ಮನುಷ್ಯನೂ ಓದದೆ ಬಿಟ್ಟಿದ್ದರಿಂದ, ಬೆಣಚಿಕೊಪ್ಪದ ನೀಲವ್ವ ಎಂಬ ತಾಯಿ ಮೃತಪಟ್ಟಿದ್ದಾಳೆ." ಕಂಪನಿಯ ಯಾರೊಬ್ಬರೂ ಜೈಲಿಗೆ ಹೋಗಲಿಲ್ಲ. ಅನಿರುದ್ಧ ಶೇಟ್‌ನನ್ನು ಬೇರೆ ವಿಭಾಗಕ್ಕೆ ಹಾಕಿದರಂತೆ.

ಫಕ್ಕೀರೇಶ ಕೆಲಸಕ್ಕೆ ಹೋಗುವ ಹಿಂದಿನ ದಿನ ವರದಿಯ ಒಂದು ಪ್ರತಿ ಹಿಡಿದುಕೊಂಡು ಬೆಣಚಿಕೊಪ್ಪಕ್ಕೆ ಬಸ್ಸು ಹತ್ತಿದ. ನೀಲವ್ವನ ತಾಯಿ ಹನಮವ್ವ ಕಟ್ಟೆಯ ಮೇಲೆ ಮೊಮ್ಮಗಳನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು. ಅವನು ತಾನು ಯಾರೆಂದು ಹೇಳಿದ. ಅವಳು ಒಳಗೆ ಕರೆಯಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅವನು ನಿಂತುಕೊಂಡೇ ಆ ಸಾಲು ಓದಿ ಹೇಳಿದ. ಏನೇನಾಯಿತೆಂದು ಮೊದಲಿನಿಂದ ವಿವರಿಸಿದ. ಅವಳು ಕೂಸಿನ ಮೇಲೆ ಕೂರುತ್ತಿದ್ದ ನೊಣ ಓಡಿಸುತ್ತ ಕೇಳಿದಳು.

"ಮೂರು ಸಲ ಬರದಿ ಅಂತೀ," ಅಂದಳು ಕೊನೆಗೆ. "ಬರದು ಕೊಟ್ಟು ಬಂದು, ಅದ ಕುರ್ಚಿಮ್ಯಾಲೆ ಕುಂತಿ. ಕಾಣವಲ್ದು, ನಾ ಕುಂದರಂಗಿಲ್ಲ ಅಂತ ಎದ್ದು ಯಾಕ ಹೊರಗ ಬರಲಿಲ್ಲ?"

ಬಸ್ಸಿನಲ್ಲಿ ಅವನು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಜೋಡಿಸಿಕೊಂಡು ಬಂದಿದ್ದ. ಇದು ಅವುಗಳಲ್ಲಿ ಇರಲಿಲ್ಲ.

"ಕೆಲಸ ಹೋಗತೈತಿ ಅಂತ ಅಂಜಿದ್ನಿ, ಯವ್ವಾ."

ಹನಮವ್ವ ಅವನ ಮುಖವನ್ನು ನೆಟ್ಟಗೆ ನೋಡಿದಳು. ಅವಳ ಕಣ್ಣಿನಲ್ಲಿ ನೀರಿರಲಿಲ್ಲ, ಸಿಟ್ಟಿತ್ತು.

"ಹಂಗಾರ ಅದನ್ನೂ ಅದರಾಗ ಬರಿ."

ಫಕ್ಕೀರೇಶ ಜೇಬಿನಿಂದ ಪೆನ್ನು ತೆಗೆದ. ಕಟ್ಟೆಯ ಅಂಚಿನ ಮೇಲೆ ವರದಿಯನ್ನಿಟ್ಟು, ಹದಿನೇಳನೇ ಪುಟದ ಆ ಸಾಲಿನ ಕೆಳಗೆ, ತನ್ನ ಹೆಸರು ಹಾಕಿ ಬರೆದ. ಬರೆದು ಮುಗಿಸಿ ತಲೆಯೆತ್ತಿದ.

"ಓದು," ಅಂದಳು ಹನಮವ್ವ.

ಅವನು ಓದಿದ.